ಬಾಲ ಬೀಸುವ ಕಾರು, ಪಳಗಬೇಕಾದ ಪಾದ

ಲೋಟಸ್ 49 ಎಂಬ 1967ರ ರೇಸ್ ಕಾರನ್ನು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಮೊದಲ ಸಲ ಓಡಿಸಲು ಕೂತವರ ಕಥೆ ಹೆಚ್ಚುಕಡಿಮೆ ಒಂದೇ. ಪಿಟ್ ಬಿಟ್ಟು ಹೊರಬರುತ್ತಾರೆ, ನೇರ ಹಾದಿ ಕಂಡೊಡನೆ ಎಕ್ಸಲೇಟರ್ ಒತ್ತುತ್ತಾರೆ, ಎರಡನೇ ಗೇರಿನಲ್ಲೇ ಹಿಂದಿನ ಗಾಲಿಗಳು ಹುಚ್ಚೆದ್ದು ಸುತ್ತಿ ಕಾರು ಅಡ್ಡಡ್ಡ ಹುಲ್ಲಿಗೆ ಹೋಗಿ ನಿಲ್ಲುತ್ತದೆ. ಆಮೇಲೆ ಮಾಡುವ ಕೆಲಸವೂ ಒಂದೇ. ಸೆಟಪ್ ಪುಟ ತೆರೆದು ಸ್ಪ್ರಿಂಗು, ಡ್ಯಾಂಪರು, ಕ್ಯಾಂಬರು ಎಲ್ಲವನ್ನೂ ಒಟ್ಟಿಗೆ ತಿರುವಿಹಾಕುತ್ತಾರೆ. ಇಲ್ಲವೇ ತಮಗಿಂತ ವೇಗದ ಯಾರದೋ ಸೆಟಪ್ ಫೈಲನ್ನು ಇಳಿಸಿಕೊಳ್ಳುತ್ತಾರೆ. ಕಾರು ಮತ್ತೆ ತಿರುಗುತ್ತದೆ. ಹಟಮಾರಿ ಕಾರಿನ ವಿಷಯದಲ್ಲಿ ಮೊದಲು ಹದಕ್ಕೆ ಬರಬೇಕಾದದ್ದು ಕುರ್ಚಿ, ಪೆಡಲು ಮತ್ತು ಬಲಗಾಲು. ಕಾರಿನ ಸರದಿ ಆಮೇಲೆ. ಈ ಬರಹದಲ್ಲಿ ನಾನು ಹೇಳಲು ಹೊರಟಿರುವುದು ಇಷ್ಟೇ, ಆದರೆ ಇದನ್ನು ಕಾರಣಗಳ ಸಮೇತ ಹೇಳಬೇಕು.

ಬಳ್ಳಾರಿಯಲ್ಲಿ ಕೂತು ಇದನ್ನೇಕೆ ಬರೆಯಬೇಕು ಎಂದು ಯಾರಾದರೂ ಕೇಳಬಹುದು. ನಮ್ಮ ರಾಜ್ಯದಲ್ಲಿ ಕೆ-1000ದಂಥ ರ‍್ಯಾಲಿಗಳಿವೆ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಧೂಳೆಬ್ಬಿಸಿದ ರ‍್ಯಾಲಿಗಳಿವೆ. ಆದರೆ ಫಾರ್ಮುಲಾ ಕಾರುಗಳ ರೇಸು ಎಂದೊಡನೆ ಹೆಸರು ಬರುವುದು ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ, ದಿಲ್ಲಿಯಾಚೆಯ ಬುದ್ಧ ಸರ್ಕ್ಯೂಟ್. ಬಳ್ಳಾರಿಯ ಕೌಲ್ ಬಜಾರಿನಿಂದ ಚೆನ್ನೈಗೆ ಸುಮಾರು 500 ಕಿಲೋಮೀಟರ್. ಟ್ರ್ಯಾಕಿನ ಮೇಲೆ ಒಂದು ದಿನ ಕಾರು ಓಡಿಸಲು ತಗಲುವ ಬಾಡಿಗೆ, ಟಯರು, ಪೆಟ್ರೋಲಿನ ಲೆಕ್ಕ ಇಲ್ಲಿನ ಸಾಮಾನ್ಯ ಮನೆಯ ಹುಡುಗ ಹುಡುಗಿಯರಿಗೆ ಎಟುಕುವಂಥದಲ್ಲ. ಬೆಂಗಳೂರಿನ ಮೈನಿ ಸಹೋದರರು ಈ ಕ್ರೀಡೆಯಲ್ಲಿ ಎಷ್ಟು ದೂರ ಹೋಗಬಹುದೆಂದು ತೋರಿಸಿದ್ದಾರೆ. ಅಣ್ಣ ಅರ್ಜುನ್ ಜರ್ಮನಿಯ ಡಿಟಿಎಂ ಸರಣಿಯಲ್ಲಿ ಓಡಿಸಿದರು. ತಮ್ಮ ಕುಶ್ 2024ರಲ್ಲಿ ಹಂಗೇರಿಯ ಫಾರ್ಮುಲಾ 2 ಸ್ಪ್ರಿಂಟ್ ರೇಸಿನ ಗೆಲುವು ಪಡೆದರು, ಮೊದಲು ಗುರಿ ಮುಟ್ಟಿದವರ ಕಾರು ತಾಂತ್ರಿಕ ತಪಾಸಣೆಯಲ್ಲಿ ಅನರ್ಹವಾದ ಮೇಲೆ. 2025ರಲ್ಲಿ ಮೊನಾಕೊದ ಇಕ್ಕಟ್ಟಾದ ಬೀದಿಗಳಲ್ಲಿ ಸ್ಪ್ರಿಂಟ್ ರೇಸನ್ನು ಗೆದ್ದರು. ಅಲ್ಲಿಗೆ ಹೋಗುವ ದಾರಿ ದುಬಾರಿ. ಆದರೆ ಕಾರು ಹೇಗೆ ಯೋಚಿಸುತ್ತದೆ ಎಂದು ಕಲಿಯುವ ದಾರಿ ಈಗ ಅಷ್ಟು ದುಬಾರಿಯಲ್ಲ. ಒಂದು ಕಂಪ್ಯೂಟರು, ಗಾಲಿಯ ಬಲವನ್ನು ಕೈಗೆ ಮರಳಿ ಮುಟ್ಟಿಸುವ ಒಂದು ಸ್ಟೇರಿಂಗ್, ಮೂರು ಪೆಡಲು ಇದ್ದರೆ ಮಿದ್ದಿಯ ಮೇಲಿನ ಕೋಣೆಯೂ ಸಾಕು.

ಕೋಣೆಯಿಂದಲೇ ಶುರು ಮಾಡೋಣ. ಚಕ್ರವಿರುವ ಆಫೀಸ್ ಕುರ್ಚಿಯಲ್ಲಿ ಕೂತು ಬ್ರೇಕ್ ಒತ್ತಿದರೆ ಕುರ್ಚಿ ಹಿಂದಕ್ಕೆ ಸರಿಯುತ್ತದೆ. ಕಾಲಿನ ಬಲದಲ್ಲಿ ಅರ್ಧ ಪೆಡಲಿಗೆ, ಅರ್ಧ ಕುರ್ಚಿಗೆ. ಒಂದೊಂದು ತಿರುವಿನಲ್ಲಿ ಒಂದೊಂದು ಬಗೆಯ ಬ್ರೇಕು ಬೀಳುತ್ತದೆ, ನಾವು ಕಾರನ್ನು ಬೈಯುತ್ತೇವೆ. ಕುರ್ಚಿಯ ಚಕ್ರ ಕಳಚಿ, ಇಲ್ಲವೇ ಪೆಡಲಿನ ಹಲಗೆಗೂ ಕುರ್ಚಿಯ ಕಾಲಿಗೂ ಬಿಗಿಯಾಗಿ ಹಗ್ಗ ಕಟ್ಟಿ. ಪೆಡಲಿನ ಹಿಂದೆ ಗೋಡೆಯಿದ್ದರೆ ಇನ್ನೂ ಒಳ್ಳೆಯದು. ಮೇಜು ಅಲುಗಬಾರದು. ಸ್ಟೇರಿಂಗ್ ಕೊಡುವ ಸಣ್ಣ ಸುಳಿವನ್ನೆಲ್ಲ ಅಲುಗುವ ಮೇಜು ನುಂಗಿಬಿಡುತ್ತದೆ.

ನಮ್ಮ ಊರಿನ ಧೂಳಿಗೂ ಬಿಸಿಲಿಗೂ ಇಲ್ಲಿ ಪಾತ್ರವಿದೆ. ಅಗ್ಗದ ಪೆಡಲುಗಳೊಳಗೆ ಒತ್ತಿದ ಅಳತೆ ಹೇಳುವ ಸಣ್ಣ ಪೊಟೆನ್ಶಿಯೋಮೀಟರ್ ಇರುತ್ತದೆ. ಅದರ ಮೈಮೇಲೆ ಧೂಳು ಕೂತರೆ ಕಾಲು ಅಲ್ಲಾಡದಿದ್ದರೂ ಎಕ್ಸಲೇಟರ್ ಶೇಕಡಾ 30ರಿಂದ 60ಕ್ಕೆ ಜಿಗಿದು ವಾಪಸು ಬರುತ್ತದೆ. ನೆಟ್ಟಗಿರುವ ಕಾರು ತಾನಾಗೇ ತಿರುಗಿದರೆ ಮೊದಲು ಪೆಡಲಿನ ಗೆರೆಯನ್ನು ಪರದೆಯ ಮೇಲೆ ನೋಡಿ. ಗೆರೆ ನಡುಗುತ್ತಿದ್ದರೆ ಬಿಚ್ಚಿ ಒರೆಸಬೇಕು. ಇನ್ನು ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ, ಹೊರಗೆ 40 ಡಿಗ್ರಿ ದಾಟಿದ ಹೊತ್ತಿನಲ್ಲಿ ಕೆಲವು ಸ್ಟೇರಿಂಗುಗಳ ಮೋಟರ್ ಬಿಸಿಯಾಗಿ ತನ್ನ ಬಲವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮೊದಲ ಲ್ಯಾಪಿನಲ್ಲಿ ಕೈಗೆ ಸಿಕ್ಕ ಸುಳಿವು ಹತ್ತನೇ ಲ್ಯಾಪಿನಲ್ಲಿ ಸಿಗುವುದಿಲ್ಲ. ಬೆಳಿಗ್ಗೆ ಬೇಗ ಅಥವಾ ರಾತ್ರಿ ಓಡಿಸುವುದು ಮೇಲು.

ಪರದೆಯ ನೋಟದ ಕೋನವನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ವಿಶಾಲವಾಗಿ ಕಾಣಲಿ ಎಂದು ಕೋನ ಹೆಚ್ಚಿಸಿದರೆ ತಿರುವು ಇರುವುದಕ್ಕಿಂತ ದೂರ ಕಾಣುತ್ತದೆ, ಕಾರು ಅಡ್ಡ ಜಾರತೊಡಗಿದ್ದು ತಡವಾಗಿ ಗೊತ್ತಾಗುತ್ತದೆ. ಲೆಕ್ಕ ಸುಲಭ. 24 ಇಂಚಿನ ಪರದೆಯ ಎತ್ತರ ಸುಮಾರು 30 ಸೆಂಟಿಮೀಟರ್. ಕಣ್ಣು ಅದರಿಂದ 60 ಸೆಂಟಿಮೀಟರ್ ದೂರವಿದ್ದರೆ ಮೇಲಿಂದ ಕೆಳಗಿನ ನೋಟದ ಕೋನ 28 ಡಿಗ್ರಿ ಬರುತ್ತದೆ. ಮೊದಮೊದಲು ಕೊಳವೆಯೊಳಗಿಂದ ನೋಡಿದಂತಾಗುತ್ತದೆ. ಒಂದು ವಾರ ಸಹಿಸಿಕೊಂಡರೆ ಬಾಲ ಬೀಸುವ ಮೊದಲ ಕ್ಷಣವನ್ನೇ ಕಣ್ಣು ಹಿಡಿಯುತ್ತದೆ. ಹಾಗೆಯೇ ಸ್ಟೇರಿಂಗಿನ ಬಲ. ತುಂಬ ಹೆಚ್ಚಿಟ್ಟರೆ ಮೋಟರ್ ತನ್ನ ಗರಿಷ್ಠಕ್ಕೆ ಹೋಗಿ ಅಲ್ಲೇ ನಿಂತುಬಿಡುತ್ತದೆ, ಅದರಾಚೆಯ ಏರಿಳಿತ ಕೈಗೆ ತಲುಪುವುದಿಲ್ಲ. ಅತಿ ವೇಗದ ತಿರುವಿನಲ್ಲೂ ಗರಿಷ್ಠ ಮುಟ್ಟದಷ್ಟಕ್ಕೆ ಇಳಿಸಿ. ಮುಂದಿನ ಟಯರು ಹಿಡಿತ ಬಿಡುವ ಮುನ್ನ ಸ್ಟೇರಿಂಗ್ ಹಗುರಾಗುತ್ತದೆ. ನಿಜವಾದ ಕಾರಿನಲ್ಲೂ ಹಾಗೇ. ಆ ಹಗುರು ಕೈಗೆ ಗೊತ್ತಾದ ದಿನ ಅರ್ಧ ಪಾಠ ಮುಗಿದಂತೆ.

ಈಗ ಕಾರಿಗೆ ಬರೋಣ. ಲೋಟಸ್ 49 ಕಾಲಿನ್ ಚಾಪ್ಮನ್ ಮತ್ತು ಮಾರಿಸ್ ಫಿಲಿಪ್ ವಿನ್ಯಾಸಗೊಳಿಸಿದ ಫಾರ್ಮುಲಾ 1 ಕಾರು. ಅದಕ್ಕೆಂದೇ ಕೀತ್ ಡಕ್ವರ್ತ್ ಮೂರು ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಕಟ್ಟಿದರು, ಖರ್ಚು ಫೋರ್ಡ್ ಕಂಪನಿಯದು. ಅದೇ ಕಾಸ್ವರ್ತ್ ಡಿಎಫ್‌ವಿ. ಮುಂದೆ 1983ರವರೆಗೆ 155 ಗ್ರ್ಯಾನ್ ಪ್ರಿ ಗೆದ್ದ ಎಂಜಿನ್ ವಂಶ ಅದು. ಈ ಕಾರಿನ ಹಿಂಭಾಗದಲ್ಲಿ ಬೇರೆ ಚೌಕಟ್ಟೇ ಇಲ್ಲ. ಎಂಜಿನ್ನೇ ಬೆನ್ನುಮೂಳೆ, ಹಿಂದಿನ ಗಾಲಿಗಳ ಭಾರ ಹೊರುವುದೂ ಅದೇ. 1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೋರ್ಟ್‌ನಲ್ಲಿ ಅದು ಮೊದಲ ಸಲ ರೇಸಿಗಿಳಿಯಿತು. ಪರೀಕ್ಷಾ ಓಟದ ಹೆಚ್ಚಿನ ಭಾಗವನ್ನು ಗ್ರಹಾಂ ಹಿಲ್ ಮಾಡಿದ್ದರು, ಮೊದಲ ಸ್ಥಾನದಿಂದ ಹೊರಟವರೂ ಅವರೇ. ಜಿಮ್ ಕ್ಲಾರ್ಕ್ ಆ ಕಾರಿನಲ್ಲಿ ಮೊದಲ ಬಾರಿಗೆ ಕೂತದ್ದೇ ಆ ವಾರಾಂತ್ಯದಲ್ಲಿ. ಹಿಲ್ ಅವರ ಎಂಜಿನ್ ಕೈಕೊಟ್ಟಿತು. ಎಂಟನೆಯ ಸ್ಥಾನದಿಂದ ಹೊರಟ ಕ್ಲಾರ್ಕ್ ಗೆದ್ದರು.

ಗೆದ್ದರೇನು, ಕಾರು ಸುಲಭದ್ದಾಗಿರಲಿಲ್ಲ. ತೂಕ ಸುಮಾರು 500 ಕೆ.ಜಿ., ಶಕ್ತಿ ಸುಮಾರು 400 ಅಶ್ವಶಕ್ತಿ. 1967ರಲ್ಲಿ ಕಾರನ್ನು ನೆಲಕ್ಕೊತ್ತುವ ರೆಕ್ಕೆಗಳಿರಲಿಲ್ಲ, ಅವು ಬಂದದ್ದು ಮರುವರ್ಷ. ಜಾರುವ ಗಾಲಿಯನ್ನು ತಡೆಯುವ ಎಲೆಕ್ಟ್ರಾನಿಕ್ಸ್ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಿಮಿಷಕ್ಕೆ 6,500 ಸುತ್ತಿನ ಆಸುಪಾಸಿನವರೆಗೆ ಸುಮ್ಮನಿದ್ದ ಎಂಜಿನ್ ಅದನ್ನು ದಾಟಿದೊಡನೆ ಒಮ್ಮೆಗೇ ಒದೆಯುತ್ತಿತ್ತು. ಆ ಒದೆಯನ್ನು ಹದಗೊಳಿಸಲು ಎಕ್ಸಲೇಟರಿನ ಜೋಡಣೆಯನ್ನೇ ನಯಗೊಳಿಸುವ ಕೆಲಸವೂ ನಡೆಯಿತು, ಪಾದ ಮೊದಲರ್ಧ ಒತ್ತಿದಾಗ ಕಡಿಮೆ, ಆಮೇಲೆ ಹೆಚ್ಚು ಎಂಬಂತೆ. ಜಗತ್ತಿನ ಅತ್ಯುತ್ತಮ ಚಾಲಕರಿಗೇ ಪೆಡಲಿನ ನಯ ಬೇಕಾಗಿತ್ತು ಎಂಬುದನ್ನು ನಾವು ಮರೆಯಬಾರದು. 1998ರಲ್ಲಿ ಪ್ಯಾಪೈರಸ್ ಕಂಪನಿ 1967ರ ಋತುವನ್ನೇ ಗ್ರ್ಯಾನ್ ಪ್ರಿ ಲೆಜೆಂಡ್ಸ್ ಹೆಸರಿನಲ್ಲಿ ಕಂಪ್ಯೂಟರಿಗೆ ತಂದಾಗ ಕೊಂಡವರಲ್ಲಿ ಬಹಳಷ್ಟು ಜನ ಕಂಗಾಲಾದದ್ದು ಕಾರಿನ ಈ ಹಟದಿಂದಲೇ. ಇಂದು ಇಟಲಿಯ ಕುನೋಸ್ ಕಂಪನಿಯ ಅಸೆಟ್ಟೊ ಕೋರ್ಸಾದಲ್ಲಿ ಅದೇ ಕಾರು, ಹಳೆಯ ಮೋಂಜಾ ಮತ್ತು ಸಿಲ್ವರ್‌ಸ್ಟೋನ್ ಟ್ರ್ಯಾಕುಗಳ ಸಮೇತ ಸಿಗುತ್ತದೆ.

ಕಾರು ಯಾಕೆ ತಿರುಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಹಾಕೋಣ. ಚಾಲಕ, ಇಂಧನ ಸೇರಿ 600 ಕೆ.ಜಿ. ಎನ್ನೋಣ. ಅದರಲ್ಲಿ 360 ಕೆ.ಜಿ. ಹಿಂದಿನ ಗಾಲಿಗಳ ಮೇಲಿದೆ, ಭಾರದ ಕೇಂದ್ರ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿದೆ, ಮುಂದಿನ ಹಿಂದಿನ ಗಾಲಿಗಳ ನಡುವೆ 2.4 ಮೀಟರ್ ಅಂತರವಿದೆ ಎಂದಿಟ್ಟುಕೊಳ್ಳಿ. ಬಲವಾಗಿ, ಗುರುತ್ವದಷ್ಟೇ ಜೋರಾಗಿ ಬ್ರೇಕ್ ಹಾಕಿದಾಗ 75 ಕೆ.ಜಿ. ಭಾರ ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಅಂದರೆ ಹಿಂದಿನ ಟಯರುಗಳನ್ನು ನೆಲಕ್ಕೆ ಒತ್ತಿಹಿಡಿದಿದ್ದ ಭಾರದಲ್ಲಿ ಐದನೇ ಒಂದು ಪಾಲು ಮಾಯ. ನೇರ ಹಾದಿಯಲ್ಲಾದರೆ ತೊಂದರೆಯಿಲ್ಲ. ತಿರುವಿನ ನಡುವೆ, ಹಿಂದಿನ ಟಯರುಗಳು ಅಡ್ಡಬಲ ತಡೆಯುತ್ತಿರುವಾಗಲೇ ಹೆದರಿ ಎಕ್ಸಲೇಟರಿನಿಂದ ಥಟ್ಟನೆ ಕಾಲೆತ್ತಿದರೆ ಭಾರವೂ ಮುಂದೆ ಸರಿಯುತ್ತದೆ, ಎಂಜಿನ್ ಹಿಂದಿನ ಗಾಲಿಗಳನ್ನು ಹಿಡಿದೂ ಎಳೆಯುತ್ತದೆ. ಬಾಲ ಹೊರಬೀಳುತ್ತದೆ. ಅತಿ ವೇಗದಿಂದ ತಿರುಗಿದವರಿಗಿಂತ ಹೆದರಿ ಕಾಲೆತ್ತಿ ತಿರುಗಿದವರೇ ಹೆಚ್ಚು.

ಕೌಲ್ ಬಜಾರಿನ ಗಲ್ಲಿಗಳಲ್ಲಿ ಜೀನ್ಸ್ ಹೊಲಿಯುವವರ ಪಾದವನ್ನು ಗಮನಿಸಿದವರಿಗೆ ಇದರ ಪರಿಹಾರ ಬೇಗ ಅರ್ಥವಾಗುತ್ತದೆ. ದೊಡ್ಡ ಮೋಟರಿನ ಆ ಮಿಷಿನು ಕಾಲು ಪೂರ್ತಿ ಒತ್ತಿದರೆ ಕಣ್ಣಿಗೆ ಕಾಣದಷ್ಟು ಜೋರಾಗಿ ಓಡುತ್ತದೆ. ಉದ್ದದ ಹೊಲಿಗೆಯಲ್ಲಿ ಅವರು ಹಾಗೇ ಓಡಿಸುತ್ತಾರೆ. ಜೇಬಿನ ಬಾಗು ಬರುವ ಮೊದಲೇ ಪಾದ ಹಗುರಾಗುತ್ತದೆ, ಆದರೆ ಪೆಡಲಿನಿಂದ ಏಳುವುದಿಲ್ಲ. ಬಾಗಿನುದ್ದಕ್ಕೂ ಸೂಜಿ ಒಂದೇ ಹದದಲ್ಲಿ ನಡೆಯುತ್ತದೆ. ಬಟ್ಟೆ ನೆಟ್ಟಗಾಗುತ್ತಾ ಬಂದಂತೆ ಪಾದವೂ ಇಳಿಯುತ್ತದೆ. ಲೋಟಸ್ 49ಕ್ಕೆ ಬೇಕಾದ ಬಲಗಾಲು ಇದೇ. ಬ್ರೇಕಿನ ಭಾರೀ ಕೆಲಸವನ್ನು ನೇರ ಹಾದಿಯಲ್ಲೇ ಮುಗಿಸಿ. ಸ್ಟೇರಿಂಗ್ ತಿರುಗಿಸುತ್ತಿದ್ದಂತೆ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಬಿಡಿ. ತಿರುವಿನ ನಡುಭಾಗಕ್ಕೆ ಬರುವ ಮೊದಲೇ ಎಕ್ಸಲೇಟರನ್ನು ಕಾರು ವೇಗ ಕಳೆದುಕೊಳ್ಳದಷ್ಟು ಮಾತ್ರ ತೆರೆದು ಹಿಡಿಯಿರಿ. ಹೊರಬರುವಾಗ ಕೈ ಎಷ್ಟು ನೆಟ್ಟಗಾಯಿತೋ ಕಾಲು ಅಷ್ಟೇ ಇಳಿಯಲಿ.

ಗೇರಿನ ವಿಷಯದಲ್ಲೂ ಇದೇ ಹದ. ತಿರುವಿನಲ್ಲಿ ಎಂಜಿನ್ 6,500ರ ಹೊಸ್ತಿಲ ಮೇಲೆ ನಿಂತಿದ್ದರೆ ಒದೆ ಯಾವಾಗ ಬೀಳುವುದೋ ತಿಳಿಯದು. ಒಂದು ಗೇರು ಮೇಲಿಟ್ಟು ಓಡಿಸಿ, ಇಲ್ಲವೇ ಗೇರಿನ ಅನುಪಾತ ಬದಲಿಸಿ ಆ ಒದೆ ಕಾರು ನೆಟ್ಟಗಾದ ಮೇಲೆ ಬೀಳುವಂತೆ ಮಾಡಿ. ಬಾಲ ಜಾರಿದಾಗ ಜಾರಿದ ಕಡೆಗೇ ಸ್ಟೇರಿಂಗ್ ತಿರುಗಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಿನವರು ಎಡವುವುದು ಅದರ ಮುಂದಿನ ಕ್ಷಣದಲ್ಲಿ. ಟಯರು ಹಿಡಿತ ವಾಪಸು ಪಡೆಯುವ ಹೊತ್ತಿಗೆ ಸ್ಟೇರಿಂಗ್ ಇನ್ನೂ ಓರೆಯಾಗಿದ್ದರೆ ಕಾರು ಎದುರು ದಿಕ್ಕಿಗೆ ಎರಡು ಪಟ್ಟು ಜೋರಾಗಿ ಎಗರುತ್ತದೆ. ತಿರುಗಿಸಿದಷ್ಟೇ ಬೇಗ ವಾಪಸು ತರಬೇಕು, ಕಣ್ಣು ಹೋಗಬೇಕಾದ ಕಡೆಗಿರಬೇಕು, ಕಾಲು ಮಾತ್ರ ಗಾಬರಿಗೊಳ್ಳಬಾರದು. ಆ ಕಾಲದ ಟಯರುಗಳ ಒಂದು ಒಳ್ಳೆಯ ಗುಣವೆಂದರೆ, ಇಂದಿನ ಸ್ಲಿಕ್ ಟಯರುಗಳಂತೆ ಅವು ಹಿಡಿತವನ್ನು ಒಮ್ಮೆಗೇ ಬಿಡುವುದಿಲ್ಲ. ಜಾರುತ್ತಲೇ ಮಾತಾಡುತ್ತವೆ. ಕಲಿಯುವವರಿಗೆ ಈ ಕಾರು ಒಳ್ಳೆಯ ಗುರು ಎಂದು ನಾನು ಹೇಳುವುದು ಅದಕ್ಕೇ.

ಇಷ್ಟಾದ ಮೇಲೆ ಸೆಟಪ್ ಪುಟ ತೆರೆಯಬಹುದು. ಮೊದಲು ಟಯರಿನ ಗಾಳಿ. ಬಳ್ಳಾರಿಯಲ್ಲಿ ಬೆಳಿಗ್ಗೆ 25 ಡಿಗ್ರಿಯಲ್ಲಿ ಬೈಕಿನ ಟಯರಿಗೆ 30 ಪಿಎಸ್‌ಐ ಗಾಳಿ ಹಿಡಿಸಿ, ಮಧ್ಯಾಹ್ನದ ಡಾಂಬರಿನ ಮೇಲೆ ಓಡಿಸಿ ಒಳಗಿನ ಗಾಳಿ 65 ಡಿಗ್ರಿಗೆ ಏರಿತೆನ್ನಿ. ಮೀಟರ್ ಹಚ್ಚಿ ನೋಡಿದರೆ 36ರ ಹತ್ತಿರ ತೋರಿಸುತ್ತದೆ. ಗಾಳಿಯನ್ನು ಯಾರೂ ತುಂಬಿಲ್ಲ, ಬಿಸಿ ತುಂಬಿದೆ. ರೇಸ್ ಕಾರಿನಲ್ಲೂ ಮುಖ್ಯವಾದದ್ದು ಓಡಿ ಬಿಸಿಯಾದ ಮೇಲಿನ ಒತ್ತಡ, ಪಿಟ್‌ನಲ್ಲಿ ತುಂಬುವ ತಣ್ಣನೆಯ ಅಂಕಿ ಅಲ್ಲಿಗೆ ತಲುಪುವ ಸಾಧನ ಮಾತ್ರ. ಸಿಮ್ಯುಲೇಟರಿನಲ್ಲಿ ಹವೆಯ ಉಷ್ಣತೆಯನ್ನು 20ರಿಂದ 36ಕ್ಕೆ ಏರಿಸಿ ಅದೇ ಸೆಟಪ್‌ನಲ್ಲಿ ಐದು ಲ್ಯಾಪ್ ಓಡಿಸಿ ನೋಡಿ. ನಿನ್ನೆಯ ಒಳ್ಳೆಯ ಕಾರು ಇಂದು ಜಾರುಬಂಡಿಯಾಗಿರುತ್ತದೆ. ಯುರೋಪಿನ ತಂಪಿನಲ್ಲಿ ಯಾರೋ ಕಟ್ಟಿದ ಸೆಟಪ್ ಫೈಲನ್ನು ಕಣ್ಣುಮುಚ್ಚಿ ನಂಬಬಾರದೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. ಟಯರಿನ ಒಳಬದಿ, ನಡು, ಹೊರಬದಿಯ ಬಿಸಿಯನ್ನೂ ಸಿಮ್ಯುಲೇಟರು ತೋರಿಸುತ್ತದೆ. ನಡುಭಾಗವೇ ಹೆಚ್ಚು ಬಿಸಿಯಾದರೆ ಗಾಳಿ ಜಾಸ್ತಿ. ಒಳಬದಿ ತೀರಾ ಬಿಸಿಯಾದರೆ ಗಾಲಿಯ ವಾಲು, ಅಂದರೆ ಕ್ಯಾಂಬರ್, ಜಾಸ್ತಿ.

ಮುಂದಿನದನ್ನು ಕಾರು ಎಲ್ಲಿ ಜಾರುತ್ತದೆ ಎಂಬುದು ನಿರ್ಧರಿಸುತ್ತದೆ. ತಿರುವಿಗೆ ಇಳಿಯುವಾಗಲೇ, ಬ್ರೇಕಿನ ಮೇಲೆ ಬಾಲ ಬೀಸಿದರೆ ಬ್ರೇಕಿನ ಪಾಲನ್ನು ಒಂದೆರಡು ಶೇಕಡಾ ಮುಂದಕ್ಕೆ ತಳ್ಳಿ. ತೀರಾ ತಳ್ಳಿದರೆ ಮುಂದಿನ ಗಾಲಿ ಲಾಕಾಗಿ ಕಾರು ನೇರ ಹೋಗುತ್ತದೆ. ತಿರುವಿನ ನಡುವೆ, ಕಾಲು ಹದವಾಗಿದ್ದೂ ಹಿಂಭಾಗ ತೇಲಿದರೆ ಕಾರಿನ ಮೈ ಓಲುವುದನ್ನು ತಡೆಯುವ ಹಿಂದಿನ ಆಂಟಿ ರೋಲ್ ಬಾರನ್ನು ಮೆತ್ತಗೆ ಮಾಡಿ, ಹಿಂದಿನ ಗಾಲಿಗಳ ಮೂತಿಯನ್ನು ಚೂರು ಒಳಕ್ಕೆ ತಿರುಗಿಸಿ. ಹೊರಬರುವಾಗ ಜಾರಿದರೆ ಹಿಂದಿನ ಸ್ಪ್ರಿಂಗ್ ಮೆತ್ತಗಾಗಬೇಕು, ಇಲ್ಲವೇ ಡಿಫರೆನ್ಷಿಯಲ್‌ನ ಬಿಗಿ ನೋಡಬೇಕು. ಎರಡು ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಈ ಡಿಫರೆನ್ಷಿಯಲ್ ಸ್ವಲ್ಪ ಗಹನ. ಎಕ್ಸಲೇಟರ್ ಕೊಟ್ಟಾಗ ಅದು ತೀರಾ ಬಿಗಿಯಾಗಿದ್ದರೆ ಎರಡೂ ಹಿಂದಿನ ಗಾಲಿಗಳು ಒಟ್ಟಿಗೇ ಹಿಡಿತ ಕಳೆದುಕೊಳ್ಳುತ್ತವೆ, ಬಾಲ ಸಿಡಿದೇಳುತ್ತದೆ. ತೀರಾ ಸಡಿಲವಾದರೆ ಒಳಗಿನ ಗಾಲಿ ಸುಮ್ಮನೆ ಸುತ್ತಿ ಶಕ್ತಿಯೆಲ್ಲ ಹೊಗೆ. ಕಾಲೆತ್ತಿದಾಗಿನ ಬಿಗಿ ಬೇರೆಯದೇ ಅಂಕಿ. ಅದನ್ನು ಹೆಚ್ಚಿಸಿದರೆ ತಿರುವಿಗೆ ಇಳಿಯುವಾಗ ಕಾರು ಸ್ಥಿರವಾಗಿರುತ್ತದೆ, ಮೂತಿ ಮಾತ್ರ ತಿರುಗಲು ಸೋಮಾರಿಯಾಗುತ್ತದೆ. ಡ್ಯಾಂಪರುಗಳನ್ನು ಕಡೆಗಿಟ್ಟುಕೊಳ್ಳಿ. ಉಳಿದದ್ದು ಹದಕ್ಕೆ ಬರದೆ ಅವು ಏನು ಮಾಡುತ್ತಿವೆ ಎಂದು ತಿಳಿಯುವುದೇ ಇಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಏನು ಬದಲಿಸಿದೆ, ಏನಾಗಬಹುದೆಂದು ಎಣಿಸಿದ್ದೆ, ಏನಾಯಿತು ಎಂಬ ಮೂರು ಸಾಲು ಸಾಕು. ಲ್ಯಾಪಿನ ಸಮಯ ಕಡಿಮೆಯಾಯಿತೆಂದು ಹಿಗ್ಗುವ ಮೊದಲು ಐದು ಲ್ಯಾಪುಗಳ ನಡುವಿನ ವ್ಯತ್ಯಾಸ ನೋಡಿ. ಒಂದು ಲ್ಯಾಪ್ ಮಿಂಚಿ ನಾಲ್ಕರಲ್ಲಿ ತಿರುಗುವ ಸೆಟಪ್‌ಗಿಂತ, ಅರ್ಧ ಸೆಕೆಂಡು ನಿಧಾನವಾದರೂ ಐದೂ ಲ್ಯಾಪ್ ಒಂದೇ ಸಮ ಬರುವ ಸೆಟಪ್ ಮೇಲು.

ಸಿಮ್ಯುಲೇಟರು ಎಲ್ಲವನ್ನೂ ಕಲಿಸುತ್ತದೆ ಎಂದು ನಾನು ಹೇಳಲಾರೆ. ಕಾರು ಜಾರುವುದನ್ನು ನಿಜವಾದ ಚಾಲಕ ಮೊದಲು ಅರಿಯುವುದು ಸೊಂಟದಿಂದ. ಮನೆಯ ಕುರ್ಚಿ ಅದನ್ನು ಹೇಳುವುದಿಲ್ಲ, ಕಿವಿ ಮತ್ತು ಕಣ್ಣುಗಳೇ ಆ ಕೆಲಸ ಮಾಡಬೇಕು. ಕುಶ್ ಮೈನಿ ಓಡಿಸಿದ ಫಾರ್ಮುಲಾ 2 ಕಾರಿನಲ್ಲಿ ಪವರ್ ಸ್ಟೇರಿಂಗ್ ಇಲ್ಲ. ಆ ತೋಳುಬಲ, ಕುತ್ತಿಗೆಯ ಬಲ ಮೇಜಿನ ಮುಂದೆ ಬೆಳೆಯುವುದಿಲ್ಲ. ಸಿಮ್ಯುಲೇಟರು ಕಲಿಸದ ಇನ್ನೊಂದು, ಭಯ. ಜಿಮ್ ಕ್ಲಾರ್ಕ್ 1968ರ ಏಪ್ರಿಲ್ 7ರಂದು ಹಾಕನ್‌ಹೈಮ್‌ನಲ್ಲಿ ಫಾರ್ಮುಲಾ 2 ರೇಸಿನಲ್ಲಿ ಮರಗಳಿಗೆ ಅಪ್ಪಳಿಸಿ ತೀರಿಕೊಂಡರು. ಆಗ ಅವರಿಗೆ 32 ವರ್ಷ. ಅವರಂಥವರು ಯಾವ ಅಂಚಿನಲ್ಲಿ ನಡೆಯುತ್ತಿದ್ದರೆಂದು ಪರದೆಯ ಮುಂದೆ ಕೂತು ಗುಂಡಿ ಒತ್ತಿ ಮತ್ತೆ ಶುರು ಮಾಡುವ ನಾವು ನೆನಪಿಡಬೇಕು. ಭತ್ತ ಹೊತ್ತ ಟ್ರ್ಯಾಕ್ಟರುಗಳು ದೀಪವಿಲ್ಲದೆ ಬರುವ ಸಿರುಗುಪ್ಪ ರಸ್ತೆಯಲ್ಲೋ, ಕುರುಗೋಡಿನ ಕಡೆಯ ಖಾಲಿ ಹಾದಿಯಲ್ಲೋ ಈ ಪಾಠಗಳನ್ನು ಯಾರೂ ಪರೀಕ್ಷಿಸಬಾರದು. ಕಾರಿನ ಅಂಚನ್ನು ಹುಡುಕುವ ಆಸೆ ತಪ್ಪಲ್ಲ, ಅದಕ್ಕೆ ಜಾಗ ಬೇಕು. ಆ ಜಾಗ ಸದ್ಯಕ್ಕೆ ನಮಗೆ ಸಿಮ್ಯುಲೇಟರಿನಲ್ಲಿದೆ.

ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜುಗಳಿಗೆ ನನ್ನದೊಂದು ಕೋರಿಕೆ. ಮೆಕ್ಯಾನಿಕಲ್ ವಿಭಾಗದ ಒಂದು ಮೂಲೆಯಲ್ಲಿ ಗಟ್ಟಿಯಾದ ಒಂದು ಸಿಮ್ಯುಲೇಟರ್ ನಿಲ್ಲಿಸಿ. ಅಸೆಟ್ಟೊ ಕೋರ್ಸಾ ಕಾಂಪಿಟಿಜಿಯೋನೆಯಂಥವು ಪ್ರತಿ ಲ್ಯಾಪಿನ ಬ್ರೇಕು, ಎಕ್ಸಲೇಟರು, ಸ್ಟೇರಿಂಗಿನ ದಾಖಲೆಯನ್ನು ಮೋಟೆಕ್ ತಂತ್ರಾಂಶದಲ್ಲಿ ತೆರೆಯುವಂತೆ ಬರೆದುಕೊಡುತ್ತವೆ. ಹಲವು ನಿಜವಾದ ರೇಸ್ ತಂಡಗಳು ಬಳಸುವುದೂ ಅದನ್ನೇ. ಭಾರ ಸರಿಯುವ ಸೂತ್ರವನ್ನು ಬೋರ್ಡಿನ ಮೇಲೆ ಬಿಡಿಸಿದ ಮೇಷ್ಟರು, ಮರುಗಳಿಗೆಯಲ್ಲೇ ಕಾಲೆತ್ತಿ ಕಾರು ತಿರುಗಿದ ಗೆರೆಯನ್ನು ವಿದ್ಯಾರ್ಥಿಗೆ ತೋರಿಸಬಹುದು. ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರುಗಳನ್ನು ಓಡಿಸುವ ಫಾರ್ಮುಲಾ ಭಾರತ್ ಸ್ಪರ್ಧೆ ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ನಡೆಯುತ್ತದೆ. ಅಲ್ಲಿಗೆ ಬಳ್ಳಾರಿಯಿಂದ ತಂಡ ಹೋಗುವಾಗ ಅದರ ಚಾಲಕರು ತಿರುವಿನ ನಡುವೆ ಕಾಲೆತ್ತದಿರುವುದನ್ನು ಇಲ್ಲೇ ಕಲಿತು ಹೋಗಲಿ.